ಹನ್ನೆರಡು ಜನರ ಬಾಡಿಗೆ ನೆನಪು

"ಅವತ್ತೇ ನನ್ ಮದ್ವೆ ಆಗಿದ್ದು ಬುದ್ಧಿ. ಅದ್ಕೇ ಇವತ್ಗೂ ಗ್ಯಾಪ್ಕ ಐತೆ," ಎಂದ ಸಿಮ್ಕಿನ್.

"ಮದುವೆ ಎಲ್ಲಾಯ್ತು?"

"ಇಲ್ಲೇ, ಈ ಚರ್ಚಿನ ಬಾಗ್ಲಾಗೇ. ನಮ್ದು ಮುಗೀತಿದ್ದಂಗೆ ಒಸ್ಬರ್ಟ್ ಬುದ್ಧಿಯೋರ ಮಗೂನ ಜ್ಞಾನಸ್ನಾನಕ್ಕೆ ಎತ್ಕೊಂಡ್ ಬಂದ್ರು. ಆಮೇಕೆ ಊಟ ಆಯ್ತು. ಮನೇಗೋಗೋವಾಗ ಹಳ್ಳಕ್ಕೆ ಬಿದ್ದು ಎಡಗಾಲ್ ಮುರ್ಕಂಡೆ. ಆ ಮಗೂನೇ ಈ ಫುಲ್ಕ್ ಬುದ್ಧಿಯೋರು."

ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಮನೆಗಳಿಗೆ ಹುಲ್ಲು ಹೊದಿಸುವ ಈ ಸಿಮ್ಕಿನ್, ಮಳೆ ಬರುತ್ತಿದೆ ಎಂದು ಹೇಳುವುದಕ್ಕೂ ಮೂರು ಸಲ ಕೆಮ್ಮಿ ನಾಲ್ಕು ಸಲ ತಲೆ ಕೆರೆಯುವ ಆಸಾಮಿ. ಇವತ್ತು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ.

"ಹೆಂಡತಿ ಹೆಸರು?"

"ಜೋನ್."

ಬರೆದುಕೊಂಡೆ. "ಯಾವ ದಿನ ಅಂದೆ?"

"ಸಂತ ಗ್ರೆಗೊರಿ ಹಬ್ಬದ ದಿನ ಬುದ್ಧಿ. ಮೂವತ್ನಾಲ್ಕ್ ವರ್ಷ ಆಯ್ತು."

ನನ್ನ ಲೇಖನಿ ನಿಂತಿತು. ಗೋಡೆಗೆ ಒರಗಿದ್ದ ಪಾದ್ರಿ ಪಿಯರ್ಸ್ ಇದ್ದಕ್ಕಿದ್ದ ಹಾಗೆ ಚಾವಣಿಯ ತೊಲೆಗಳನ್ನು ಎಣಿಸತೊಡಗಿದರು. ನಾನು ದಿನವನ್ನೂ ಬರೆದುಕೊಂಡೆ.

ನಾನು ಹ್ಯಾಮೊ ಪಿರಿ, ಲಿಂಕನ್ ಸೀಮೆಯಲ್ಲಿ ದೊರೆಯ ಭೂ ಅಧಿಕಾರಿಯ ಗುಮಾಸ್ತ. ಜಮೀನುಳ್ಳ ಮರ್ಯಾದಸ್ಥ ಸತ್ತರೆ ಅವನ ವಾರಸುದಾರ ಯಾರೆಂದು ಪತ್ತೆ ಮಾಡುವುದು ನನ್ನ ಕೆಲಸ. ಯಾರೂ ಇಲ್ಲವಾದರೆ ಜಮೀನು ದೊರೆಗೆ ಸೇರುತ್ತದೆ. ನದಿಯ ಮೂಲ, ಋಷಿಯ ಮೂಲ ಕೇಳಬಾರದು ಎನ್ನುತ್ತಾರೆ. ನಾನು ಮೂವತ್ತೆರಡು ವರ್ಷಗಳಿಂದ ಮೂಲ ಕೇಳಿಯೇ ಹೊಟ್ಟೆ ಹೊರೆದವನು, ಕೆದಕಿದ ಒಂದೊಂದು ವಂಶದ ಬುಡದಲ್ಲೂ ಒಬ್ಬ ಕುರಿಕಳ್ಳನನ್ನು ಕಂಡವನು.

ಈ ಸಲ ಕೆದಕುತ್ತಿರುವುದು ವಾರಿನ್ ಗಾರ್ಬ್ರಾಂಡನ ವಂಶವನ್ನು. ಆಸ್ಮರ್ಬಿಯ ಹಳೆಯ ಯಜಮಾನ, ಸತ್ತು ಮೂವತ್ತಮೂರು ವರ್ಷವಾಯಿತು. ದೊಡ್ಡ ಮಗ ಒಸ್ಬರ್ಟ್ ಅಪ್ಪನೊಡನೆ ಜಗಳವಾಡಿ ಸಮುದ್ರದಾಚೆ ಕ್ಯಾಲೆ ಕೋಟೆಗೆ ಸಿಪಾಯಿಯಾಗಿ ಹೋಗಿ, ಅಪ್ಪನಿಗಿಂತ ಮುಂಚೆಯೇ ಅಲ್ಲಿ ಸತ್ತ. ಮದುವೆಯಾಗಿರಲಿಲ್ಲ ಎಂದೇ ಎಲ್ಲರೂ ನಂಬಿದ್ದರು. ಆಸ್ತಿ ಚಿಕ್ಕ ಮಗ ಹಂಫ್ರಿಗೆ, ಇಪ್ಪತ್ತೊಂದು ತುಂಬಿದೆ ಎಂದು ರುಜುವಾತಾದಾಗ, ಬಂತು. ಹಂಫ್ರಿ ತೀರಿಕೊಂಡು ಏಳು ವಾರ. ಅವನಿಗಿರುವುದು ಒಬ್ಬಳೇ ಮಗಳು, ಐಡನಿ.

ಮೂರು ವಾರದ ಹಿಂದೆ ಕ್ಯಾಲೆಯಿಂದ ಈ ಫುಲ್ಕ್ ಬಂದಿಳಿದ. ಒಸ್ಬರ್ಟನ ಮಗ ನಾನು, ಇದೇ ಊರ ಚರ್ಚಿನಲ್ಲಿ ಜ್ಞಾನಸ್ನಾನವಾದವನು, ಕೈಗೂಸಾಗಿದ್ದಾಗ ಅಪ್ಪ ಕ್ಯಾಲೆಗೆ ಎತ್ತಿಕೊಂಡು ಹೋದ ಎನ್ನುತ್ತಾನೆ. ಅದು ನಿಜವಾದರೆ ದೊಡ್ಡವನ ಮಗನಿಗೆ ಎಲ್ಲ, ಚಿಕ್ಕವನ ಮಗಳಿಗೆ ಏನೂ ಇಲ್ಲ. ಸಂಜೆ ಪ್ರಾರ್ಥನೆಯ ಗಂಟೆ ಹೊಡೆದಾಗ ಹನ್ನೆರಡು ಜನ ಸಾಕ್ಷಿಗಳೂ ನನ್ನ ಪತ್ರಕ್ಕೆ ಮುದ್ರೆ ಒತ್ತುತ್ತಾರೆ. ಅಲ್ಲಿಗೆ ಐಡನಿ ಹುಟ್ಟಿದ ಮನೆ ಅವಳದಲ್ಲ.

ಮಗುವಿಗೆ ಹುಟ್ಟಿದ ದಿನವೇ ಜ್ಞಾನಸ್ನಾನ, ಆದರೆ ಆ ದಿನ ಬರೆದಿಡುವ ಪುಸ್ತಕ ನಮ್ಮ ನಾಡಿನಲ್ಲಿಲ್ಲ. ಅದಕ್ಕೇ ಊರಿನ ಹನ್ನೆರಡು ಗಂಡಸರು ಪ್ರಮಾಣ ಮಾಡಿ, ಆ ದಿನ ತಮಗೇನಾಯಿತು ಎಂದು ಹೇಳಬೇಕು. ಒಬ್ಬನ ಕಾಲು ಮುರಿದಿರುತ್ತದೆ, ಇನ್ನೊಬ್ಬನ ಕಣಜಕ್ಕೆ ಬೆಂಕಿ ಬಿದ್ದಿರುತ್ತದೆ. ದೊಡ್ಡವರ ಮನೆಯಲ್ಲಿ ಮಗು ಹುಟ್ಟಿದ ದಿನವೆಲ್ಲ ಬಡವರಿಗೆ ಒಂದಲ್ಲ ಒಂದು ಗಂಡಾಂತರ ಕಟ್ಟಿಟ್ಟದ್ದು.

ಈ ಹನ್ನೆರಡು ಜನರ ಕಾಲಲ್ಲೂ ಹೊಸ ಬೂಟು. ಒಂದೇ ತೊಗಲು, ಒಂದೇ ಹೊಲಿಗೆ. ಹೋದ ವಾರ ಇದೇ ಜನ ಕಾಲಿಗೆ ಗೋಣಿ ಸುತ್ತಿಕೊಂಡು ಓಡಾಡುತ್ತಿದ್ದುದನ್ನು ನಾನೇ ನೋಡಿದ್ದೆ.

"ಮುಂದಿನವನು."

ಚರ್ಚಿನ ಪಾರುಪತ್ಯಗಾರ ಆಡಮ್ ಕೂಟ್ ಬಂದ. "ನಂಗೂ ಚೆನ್ನಾಗ್ ನೆಪ್ಪೈತೆ. ಮಗೂನ ಧರ್ಮಪಿತ ನಮ್ಮನೇಗೆ ಸುಟ್ಟ ಹೆಬ್ಬಾತಿನ ಕಾಲು ಕಳ್ಸಿದ್ರು. ಬಾಯಿಗಿಡಬೇಕು, ಅಷ್ಟ್ರಾಗೆ ಬಿಳೀ ನಾಯಿ ಕಚ್ಕಂಡ್ ಓಡೋಯ್ತು."

"ನಿನ್ನ ನಾಯಿಯಾ?"

ಕೂಟ್ ತಬ್ಬಿಬ್ಬಾದ. ಅವನಿಗೆ ಒಪ್ಪಿಸಿದ ಪಾಠದಲ್ಲಿ ನಾಯಿ ಯಾರದೆಂದು ಇರಲಿಲ್ಲ. "ನಾಯಿ ಅಂತೂ ಹೌದು ಬುದ್ಧಿ," ಎಂದ.

ಆ ಬಿಳಿ ನಾಯಿಯ ಮಾತು ಎಲ್ಲೋ ಕೇಳಿದ ಹಾಗಿತ್ತು. ಆದರೆ ಇಂಥ ಸಾಕ್ಷಿಗಳೆಲ್ಲ ಎಲ್ಲೋ ಕೇಳಿದ ಹಾಗೆಯೇ ಇರುತ್ತವೆ. ಅದನ್ನು ಅಲ್ಲಿಗೇ ಬಿಟ್ಟು ಉಳಿದ ಹತ್ತು ಸುಳ್ಳುಗಳನ್ನು ಬರೆದು ಮುಗಿಸಿದೆ.

ಹೊರಗೆ ಸಮಾಧಿಗಳ ನಡುವೆ ಐಡನಿ ಕಾಯುತ್ತಿದ್ದಳು. ಇಪ್ಪತ್ತೆರಡು ವರ್ಷ, ಅಪ್ಪನ ಹಳೆಯ ಕಂದು ಮೇಲಂಗಿ ತೊಟ್ಟಿದ್ದಳು. ವರ್ಷಕ್ಕೊಮ್ಮೆ ಈ ಊರಿಗೆ ಬಂದಾಗ ನಾನು ಇಳಿದುಕೊಳ್ಳುತ್ತಿದ್ದುದು ಅವರ ಮನೆಯಲ್ಲೇ. ಅವಳಿಗೆ ಅಕ್ಷರ ಕಲಿಸಿದವನೂ ನಾನೇ. ಆದರೂ ನಾನು ಯಾರ ಪಕ್ಷವೂ ಅಲ್ಲ ಎಂದು ಊರಿಗೆಲ್ಲ ಸಾರಿದ್ದೇನೆ, ನನಗೂ ಹೇಳಿಕೊಂಡಿದ್ದೇನೆ.

"ಏನಂದ ಮೇಷ್ಟ್ರೇ, ನಮ್ ಸಿಮ್ಕಿನ್?"

"ಅವತ್ತೇ ಅವನು ಜೋನ್‌ನ ಮದುವೆ ಆದನಂತೆ."

ಅವಳು ನನ್ನನ್ನೇ ನೋಡಿದಳು. ತುಟಿಯ ಒಂದು ಮೂಲೆ ಮೇಲೆದ್ದಿತು. "ಸಿಮ್ಕಿನ್ ಹೆಂಡತಿ ಹೆಸರು ಆಲಿಸ್. ದಿನಾ ನಮ್ಮನೆಗೆ ಮೊಟ್ಟೆ ತಂದ್ಕೊಡ್ತಾಳೆ."

"ಮತ್ತೆ ಜೋನ್ ಯಾರು?"

"ಅವನ ಅಮ್ಮ. ಸತ್ತು ಹತ್ತು ವರ್ಷ ಆಯ್ತು, ಪಾಪ. ಮಗ ತನ್ನನ್ನೇ ಮದುವೆ ಆಗಿದ್ದಾನೆ ಅಂತ ಗೊತ್ತಾದ್ರೆ ಸಮಾಧಿಯಿಂದ ಎದ್ದು ಬಂದು ಬಾರಿಸ್ತಾಳೆ."

ನಾನು ಅಲ್ಲೇ ಯಾರದೋ ಸಮಾಧಿಯ ಕಲ್ಲಿನ ಮೇಲೆ ಕೂತೆ. ನನ್ನ ಮಂಡಿ ನೋವಿಗೆ ಅದೂ ಬೇಕಿತ್ತು.

"ಐಡನಿ, ಇದು ಅವನ ನೆನಪಲ್ಲ. ಅವನ ಅಪ್ಪನ ನೆನಪು. ಹಿಂದೆ ಯಾವಾಗಲೋ ಇನ್ನೊಂದು ಸಾಕ್ಷಿಪತ್ರದಲ್ಲಿ ಅವನ ಅಪ್ಪ ರೇಫ್, 'ಜೋನ್‌ಳನ್ನು ಮದುವೆಯಾದ ದಿನ' ಅಂತ ಹೇಳಿದ್ದಾನೆ. ಆ ಪತ್ರವನ್ನ ಯಾರೋ ಹಾಗೇ ನಕಲು ಮಾಡಿ, ಮಗುವಿನ ಹೆಸರೂ ದಿನವೂ ಬದಲಾಯಿಸಿ, ಈ ಪೆದ್ದರಿಗೆ ಬಾಯಿಪಾಠ ಮಾಡಿಸಿದ್ದಾರೆ. ಬೂಟು ಕೊಟ್ಟವನು ಪಾಠವನ್ನೂ ಕೊಟ್ಟಿದ್ದಾನೆ."

"ಅಷ್ಟೇ ಸಾಕಾ, ಅವನನ್ನ ಓಡ್ಸೋಕೆ?"

"ಇನ್ನೂ ಒಂದಿದೆ. ಸಂತ ಗ್ರೆಗೊರಿ ಹಬ್ಬ ಮಾರ್ಚ್ ಹನ್ನೆರಡಕ್ಕೆ. ಈಸ್ಟರ್ ಎಷ್ಟೇ ಹಿಂದೆ ಮುಂದೆ ಓಡಾಡಲಿ, ಆ ದಿನ ಅದಕ್ಕೆ ಮುಂಚಿನ ಉಪವಾಸದ ತಪಸ್ಸುಕಾಲದ ಒಳಗೇ ಬೀಳುತ್ತೆ."

ಅವಳಿಗೆ ತಕ್ಷಣ ಹೊಳೆಯಿತು. ನಕ್ಕಳು. ಅಪ್ಪ ಸತ್ತ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ನಗದೇ ಇರುವವರಾದರೂ ಯಾರು? ಆ ನಲವತ್ತು ದಿನ ಒಣಮೀನು, ಬಟಾಣಿ ಗಂಜಿ ಬಿಟ್ಟು ಬೇರೆ ಕಂಡವರಿಲ್ಲ. ಯಾವ ಪಾದ್ರಿಯೂ ಆ ದಿನಗಳಲ್ಲಿ ಮದುವೆ ಮಾಡಿಸುವುದಿಲ್ಲ. ಇಲ್ಲಿ ನೋಡಿದರೆ ಉಪವಾಸದ ನಟ್ಟನಡುವೆ ಚರ್ಚಿನ ಬಾಗಿಲಲ್ಲೇ ಮದುವೆ, ಅದರ ಮೇಲೆ ಸುಟ್ಟ ಹೆಬ್ಬಾತು.

"ಹಳೇ ಪತ್ರ ಸಿಕ್ಕಿದ್ರೆ?" ಎಂದಳು.

"ಎರಡನ್ನೂ ಪಕ್ಕಪಕ್ಕ ಇಟ್ಟರೆ ಮುಗೀತು. ಫುಲ್ಕ್ ಬಂದ ಹಡಗಲ್ಲೇ ವಾಪಸು. ಊರಿನ ಪತ್ರದ ಪ್ರತಿಗಳೆಲ್ಲ ಚರ್ಚಿನ ಪೆಟ್ಟಿಗೆಯಲ್ಲಿ ಇರುತ್ತವೆ. ಮೂರು ಬೀಗ. ಒಂದು ಕೀಲಿ ಪಾದ್ರಿ ಹತ್ತಿರ, ಎರಡು ಪಾರುಪತ್ಯಗಾರರ ಹತ್ತಿರ."

"ಇಬ್ಬರು ಪಾರುಪತ್ಯಗಾರರ ಕಾಲಲ್ಲೂ ಹೊಸ ಬೂಟಿದೆ," ಎಂದಳು ಐಡನಿ.

ನಾವು ಒಳಗೆ ಹೋಗಿ ನೋಡಿದೆವು. ಪಾದ್ರಿ ಪಿಯರ್ಸ್ ತಮ್ಮ ಬೀಗ ತೆಗೆಯುವ ಮೊದಲೇ ಉಳಿದೆರಡು ಬೀಗಗಳು ತೆರೆದಿದ್ದವು. ಪೆಟ್ಟಿಗೆಯಲ್ಲಿ ಮೇಣದಬತ್ತಿ ತುಂಡು, ಇಲಿ ಹಿಕ್ಕೆ, ಹಳೆಯ ಬಲಿಪೀಠದ ಬಟ್ಟೆ. ಪತ್ರಗಳಿರಲಿಲ್ಲ.

"ನಂಗೇನೂ ಗೊತ್ತಿಲ್ಲಪ್ಪ," ಎಂದರು ಪಾದ್ರಿ, ನಾನು ಕೇಳುವ ಮುಂಚೆಯೇ. ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಇದೇ. ಅವರ ನಿಲುವಂಗಿಯ ಅಂಚಿನ ಕೆಳಗೆ ಹೊಸ ತೊಗಲು ಇಣುಕುತ್ತಿತ್ತು. ಹದಿಮೂರನೆಯ ಜೊತೆ.

ಊಟದ ಹೊತ್ತಾಗಿತ್ತು. ಐಡನಿಯ ಮನೆಯ ನಡುಕೋಣೆಯಲ್ಲಿ ಫುಲ್ಕ್ ಯಜಮಾನನ ಕುರ್ಚಿಯಲ್ಲಿ ಆಗಲೇ ಕೂತಿದ್ದ. ಶುಕ್ರವಾರ. ಎದುರಿಗೆ ಒಣಮೀನು, ಸಾಸಿವೆ ಗೊಜ್ಜು, ಬಿಯರಿನ ಹೂಜಿ. ಅವನು ಮೂವತ್ತನಾಲ್ಕರ ಗಟ್ಟಿ ಆಳು, ಎಡಗಿವಿಯ ಅರ್ಧ ಯಾವುದೋ ಕೋಟೆ ಗೋಡೆಯ ಮೇಲೆ ಉಳಿದಿದೆ.

ಮೇಜಿನ ಮೇಲೆ ಉದ್ದಕ್ಕೂ ಬಣ್ಣ ಬಳಿದ ಒಂದು ವಂಶವೃಕ್ಷ ಹಾಸಿದ್ದ. ಬುಡದಲ್ಲಿ ಕುದುರೆ ಏರಿದ ಒಬ್ಬ ವೀರ, ನಾರ್ಮಂಡಿಯಿಂದ ವಿಲಿಯಂ ದೊರೆಯ ಜೊತೆ ಹಡಗಿನಲ್ಲಿ ಬಂದ ಮೂಲಪುರುಷನಂತೆ. ನಾನು ನೋಡಿದ ಪ್ರತಿ ವಂಶವೃಕ್ಷದ ಬುಡದಲ್ಲೂ ಈ ಮಹಾಶಯ ಇದ್ದಾನೆ. ಅಷ್ಟೂ ಜನ ಆ ಹಡಗುಗಳಲ್ಲಿ ಬಂದಿದ್ದರೆ ಕುದುರೆಗಳು ಈಜಿಕೊಂಡು ಬರಬೇಕಿತ್ತು.

"ಕೂತ್ಕೊಳ್ಳಿ ಗುಮಾಸ್ತರೇ. ಮೀನು ತಣ್ಣಗಾಗ್ತಿದೆ," ಎಂದ ಫುಲ್ಕ್.

"ಅದು ನನ್ನ ಮೀನು," ಎಂದಳು ಐಡನಿ. "ಕುರ್ಚಿ ನಮ್ಮಪ್ಪಂದು."

"ನಮ್ಮಜ್ಜಂದು, ತಂಗಿ."

"ತಂಗಿ ಗಿಂಗಿ ಅಂದ್ರೆ ಹೂಜಿ ನಿಮ್ಮ ತಲೆ ಮೇಲಿರುತ್ತೆ."

ಅವನು ಗಹಗಹಿಸಿ ನಕ್ಕ. ನಾನು ಕೂರಲಿಲ್ಲ. ಇಂಥ ಗಳಿಗೆಗಳೇ ನನ್ನ ಕೆಲಸದಲ್ಲಿರುವ ಒಂದೇ ಸುಖ. ಹಾಗೆ ನಿಂತು, ಒಂದೊಂದೇ ಮಾತನ್ನು ಎಣಿಸಿ ಇಡುವುದು ನನಗೆ ಇಷ್ಟ.

"ಫುಲ್ಕ್, ಕ್ಯಾಲೆ ಕೋಟೆಯಲ್ಲಿ ತಪಸ್ಸುಕಾಲದಲ್ಲಿ ಏನು ತಿಂತೀರಿ?"

"ಸಿಕ್ಕಿದ್ದು."

"ಗೊತ್ತಾಯ್ತು ಬಿಡಿ. ಇಲ್ಲಿ ಹಾಗಲ್ಲ. ಇಲ್ಲಿ ಉಪವಾಸದಲ್ಲಿ ಹೆಬ್ಬಾತು ಸುಡೋದಿಲ್ಲ, ಮದುವೆ ಮಾಡೋದಿಲ್ಲ. ನಿಮ್ಮ ಸಾಕ್ಷಿಗಳು ಎರಡನ್ನೂ ಮಾಡಿದ್ದಾರೆ. ಅವರಲ್ಲೊಬ್ಬ ತನ್ನ ತಾಯಿಯನ್ನೇ ಮದುವೆಯಾಗಿದ್ದಾನೆ. ಬೂಟಿನ ಜೊತೆ ಸ್ವಲ್ಪ ಬುದ್ಧಿಯನ್ನೂ ಹೊಲಿಸಿ ಕೊಡಬೇಕಿತ್ತು."

ಫುಲ್ಕ್ ಮೀನಿನ ಮುಳ್ಳು ತೆಗೆದು ತಟ್ಟೆಯ ಅಂಚಿಗಿಟ್ಟ.

ನಾನು ಮುಂದುವರಿಸಿದೆ. "ಇದು ಹಳೇ ಪತ್ರವೊಂದರ ನಕಲು. ಅಕ್ಷರ ಬಲ್ಲ ಕೋತಿಯ ಕೆಲಸ. ಮೂಲಪತ್ರ ಬರೆದವನಾದರೂ ಎಂಥ ಸೋಮಾರಿಯೋ. ಕಾಲು ಮುರಿತ, ನಾಯಿ, ಹೆಬ್ಬಾತು, ಸಂತೆಯಲ್ಲಿ ಮಾರುವ ಸಾಕ್ಷಿ. ಆ ಪತ್ರವನ್ನ ಪೆಟ್ಟಿಗೆಯಿಂದ ಯಾಕೆ ಕದ್ದಿರಿ ಅಂತ ಎಲ್ಲರಿಗೂ ತಿಳಿಯುತ್ತೆ. ಅದು ಹೊರಗೆ ಬಂದ ದಿನ ನಿಮ್ಮ ಕಥೆ ಮುಗೀತು. ಎಲ್ಲಿದೆ ಅದು?"

"ಹೊರಗೆ ಬರಬೇಕು ಅಂತೀರಾ?"

"ಬಂದೇ ಬರುತ್ತೆ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ?"

"ಮತ್ತೆ ತಡ ಯಾಕೆ," ಎಂದು ಫುಲ್ಕ್ ಅಂಗಿಯೊಳಗೆ ಕೈಹಾಕಿ ಒಂದು ತೊಗಲಿನ ಸುರುಳಿ ತೆಗೆದು ವಂಶವೃಕ್ಷದ ಮೇಲೆ ಎಸೆದ. "ಓದಿ. ಜೋರಾಗಿ ಓದಿ. ತಂಗಿಗೆ ಲ್ಯಾಟಿನ್ ಬರಲ್ಲ."

ನಾನು ಸುರುಳಿ ಬಿಚ್ಚಿದೆ. ಗೆದ್ದವನ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡು, ಲ್ಯಾಟಿನ್ನನ್ನು ಅವಳಿಗೆ ತಿಳಿಯುವ ಮಾತಿಗೆ ತಿರುಗಿಸುತ್ತಾ ಓದಿದೆ.

"ವಾರಿನ್ ಗಾರ್ಬ್ರಾಂಡನ ಮಗನಾದ ಹಂಫ್ರಿ ಗಾರ್ಬ್ರಾಂಡನ ವಯಸ್ಸಿನ ಸಾಕ್ಷಿ. ಈತ ಇಪ್ಪತ್ತೊಂದು ವರ್ಷಗಳ ಹಿಂದೆ ಸಂತ ಲ್ಯೂಕನ ಹಬ್ಬದಂದು, ಅಕ್ಟೋಬರ್ ಹದಿನೆಂಟಕ್ಕೆ, ಆಸ್ಮರ್ಬಿಯ ಚರ್ಚಿನಲ್ಲಿ ಜ್ಞಾನಸ್ನಾನ ಪಡೆದನೆಂದು..."

"ನಮ್ಮಪ್ಪ," ಎಂದಳು ಐಡನಿ ಮೆಲ್ಲಗೆ.

"...ಪ್ರಮಾಣ ಮಾಡಿದ ಹನ್ನೆರಡು ಜನರಲ್ಲಿ ರೇಫ್ ಹೇಳುವುದೇನೆಂದರೆ, ಅದೇ ದಿನ ಚರ್ಚಿನ ಬಾಗಿಲಲ್ಲಿ ಜೋನ್ ಎಂಬಾಕೆಯನ್ನು ಮದುವೆಯಾಗಿ, ಮನೆಗೆ ಹೋಗುವಾಗ ಹಳ್ಳಕ್ಕೆ ಬಿದ್ದು ಎಡಗಾಲು..."

ಆ ಸಾಲನ್ನು ಮತ್ತೊಮ್ಮೆ ಓದಿದೆ.

ಹಳ್ಳಕ್ಕೆ ಬಿದ್ದು ಎಡಗಾಲು ಮುರಿದುಕೊಂಡವನು ರೇಫ್ ಅಲ್ಲ. ಲಿಂಕನ್ನಿನಲ್ಲಿದ್ದ ನನ್ನ ಸೋದರಮಾವ. ಕೆಳಗಿನ ಸಾಲಿನಲ್ಲಿ ಸುಟ್ಟ ಹೆಬ್ಬಾತಿನ ಕಾಲಿತ್ತು, ಬಿಳಿ ನಾಯಿ ಇತ್ತು. ಆ ನಾಯಿ ಯಾರದೆಂದು ನನಗೆ ಚೆನ್ನಾಗಿ ಗೊತ್ತು. ವಾರಿನ್ನನ ವಿಧವೆ ಪೆಟ್ರೊನಿಲ್ಲಮ್ಮನದು. ಅದು ಕಚ್ಚಿಕೊಂಡು ಓಡಿದ್ದು ನನ್ನ ತಟ್ಟೆಯಿಂದ, ಇದೇ ಕೋಣೆಯಲ್ಲಿ, ಇದೇ ಮೇಜಿನ ಮೇಲೆ, ನಾನು ಈ ಪತ್ರ ಬರೆಯುತ್ತಿದ್ದಾಗ.

ನನಗಾಗ ಇಪ್ಪತ್ತು ವರ್ಷ, ಕೆಲಸಕ್ಕೆ ಸೇರಿದ ಮೊದಲ ವರ್ಷ. ಹನ್ನೆರಡು ಜನ ಹಳ್ಳಿಗರು ಎದುರಿಗೆ ನಿಂತಿದ್ದರು. ಒಬ್ಬನಿಗೂ ಒಂದು ನೆನಪೂ ಇರಲಿಲ್ಲ. ಎತ್ತುಗಳ ಹಾಗೆ ನೆಲ ನೋಡುತ್ತಿದ್ದರು. ಪೆಟ್ರೊನಿಲ್ಲಮ್ಮ ಹೆಬ್ಬಾತಿನ ತಟ್ಟೆ ನನ್ನ ಮುಂದೆ ತಳ್ಳಿ, "ಪಾಪ, ಮಾತು ಬರದ ಜನ. ನೀನೇ ಏನಾದರೂ ಬರ್ಕೊಳಪ್ಪ," ಎಂದಿದ್ದರು. ಬರೆದೆ. ಚೆನ್ನಾಗಿಯೇ ಬರೆದೆ. ಕೊನೆಗೊಂದು ಕಾಲು ನಾಯಿಯ ಪಾಲಾದರೂ ಇನ್ನೊಂದು ನನಗೆ ಸಿಕ್ಕಿತ್ತು. ಆಮೇಲೆ ಅಂಥ ನೂರು ಪತ್ರ ಬರೆದೆ, ಇದನ್ನು ಮರೆತೇಬಿಟ್ಟೆ.

ಮೂವತ್ತೆರಡು ವರ್ಷ ಲಿಂಕನ್ ಸೀಮೆಯ ಕುರಿಕಳ್ಳರನ್ನೆಲ್ಲ ಉಗಿದ ಮಹಾನುಭಾವ ನಾನು. ನನ್ನ ಬೆಲೆ ಒಂದು ಹೆಬ್ಬಾತಿನ ಕಾಲು.

"ಕೆಳಗೆ ಗುರುತೊಂದಿದೆ ನೋಡಿ," ಎಂದ ಫುಲ್ಕ್. "ಬರೆದವನ ಗುರುತು. ಸೋಮಾರಿ ಅಂದ್ರಲ್ಲ, ಅವನದು."

ಸುರುಳಿಯ ತುದಿಯಲ್ಲಿ ಒಂದು ಪುಟ್ಟ ಪೇರುಹಣ್ಣಿನ ಚಿತ್ರ, ಒಂದು ಎಲೆ ಸಮೇತ. ಪಿರಿ ಎಂದರೆ ನಮ್ಮ ಮಾತಿನಲ್ಲಿ ಪೇರು ಮರ. ನಾನು ಕೈಯಿಂದ ಮುಚ್ಚಲು ಹೋದೆ. ಐಡನಿ ಮುಂಚೆಯೇ ಬಗ್ಗಿ ನೋಡಿದ್ದಳು. ಅವಳಿಗೆ ನಾನು ಬರೆದ ಪ್ರತಿ ಕಾಗದದ ಕೊನೆಯಲ್ಲೂ ಅದೇ ಪೇರುಹಣ್ಣು. ಚಿಕ್ಕವಳಿದ್ದಾಗ ಅದಕ್ಕೆ ಕಣ್ಣು ಮೂಗು ಬರೆದು ವಾಪಸು ಕಳಿಸುತ್ತಿದ್ದಳು.

ಅವಳು ಆ ಚಿತ್ರದ ಮೇಲೆ ಬೆರಳಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಈಗ ನಾನು ಮಾತಾಡ್ಲಾ?" ಎಂದ ಫುಲ್ಕ್. ನಗು ಹೋಗಿತ್ತು. "ನನ್ನ ಪತ್ರ ಸುಳ್ಳು. ಒಪ್ಕೊಂಡೆ. ನನ್ನ ಕೈಯಾರೆ ನಕಲು ಮಾಡಿದೆ, ಪಾದ್ರಿ ಅವರಿಗೆಲ್ಲ ಬಾಯಿಪಾಠ ಮಾಡಿಸಿದ. ಅದನ್ನ ಸುಳ್ಳು ಅಂತ ನೀವು ಹೇಳಬೇಕಾದ್ರೆ ಇದನ್ನ ತೋರಿಸ್ಲೇಬೇಕು. ಇದನ್ನ ತೋರಿಸಿದ್ರೆ ಇದೂ ಸುಳ್ಳು ಅಂತ ಆಗುತ್ತೆ. ಆಮೇಲೆ ಹಂಫ್ರಿ ವಾರಿನ್ ಮಗ ಅನ್ನೋದಕ್ಕೆ ಏನುಳೀತು? ನಾನೂ ಇಲ್ಲ, ಇವಳೂ ಇಲ್ಲ. ಮನೆ, ಗದ್ದೆ, ಕುರಿ ಎಲ್ಲ ದೊರೆಗೆ. ನಿಮ್ಮ ಬಲಗೈ ಕಟುಕನಿಗೆ."

"ಏನು ಬೇಕು ನಿನಗೆ?" ನನ್ನ ಬಾಯಿಂದ ಮರ್ಯಾದೆಯೂ ಮಾಯವಾಗಿತ್ತು.

"ಸಂಜೆ ಗಂಟೆಗೆ ಮುದ್ರೆ ಒತ್ತಿಸಿ. ಕೆರೆ ಹತ್ತಿರದ ಚಿಕ್ಕ ಮನೇನ ಇವಳಿಗೆ ಬಿಟ್ಕೊಡ್ತೀನಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ನಿನ್ನ ಬಾಯಲ್ಲಿ ನ್ಯಾಯ ಕೇಳೋಕೆ ಚೆನ್ನಾಗಿದೆ," ಎಂದೆ. "ಎಲ್ಲಿಂದಲೋ ಬಂದ ಠಕ್ಕ."

"ಠಕ್ಕ ಹೌದು. ಎಲ್ಲಿಂದಲೋ ಅಲ್ಲ." ಅವನು ಮೊದಲ ಸಲ ನನ್ನ ಕಣ್ಣಿಗೆ ಕಣ್ಣಿಟ್ಟ. "ನಾನು ಒಸ್ಬರ್ಟ್ ಮಗನೇ. ಕ್ಯಾಲೆ ಚರ್ಚಲ್ಲಿ ನಮ್ಮಪ್ಪ ಅಮ್ಮನ ಮದುವೆ ಆಯ್ತು, ಅಲ್ಲೇ ನಾನು ಹುಟ್ಟಿದ್ದು. ಅದನ್ನ ಕಂಡ ಒಬ್ಬನೂ ಬದುಕಿಲ್ಲ, ಎಲ್ಲ ಜ್ವರಕ್ಕೆ ಹೋದ್ರು. ನಿಮ್ಮ ಕಾನೂನಿಗೆ ಹನ್ನೆರಡು ಬಾಯಿ ಬೇಕು, ನನ್ನ ಹತ್ರ ಒಂದೂ ಇಲ್ಲ. ನಿಜಕ್ಕೆ ಸಾಕ್ಷಿ ಸಿಗ್ಲಿಲ್ಲ ಗುಮಾಸ್ತರೇ. ಅದಕ್ಕೇ ಸುಳ್ಳು ತಂದೆ. ನಿಮ್ಮ ಅಂಗಡಿಯಿಂದಲೇ."

ನಂಬುವ ಮನಸ್ಸು ನನಗಿರಲಿಲ್ಲ. ಆದರೆ ಮೂವತ್ತೆರಡು ವರ್ಷದ ಚಾಳಿ ಬಿಡುತ್ತದೆಯೇ, ತಲೆ ತನ್ನ ಪಾಡಿಗೆ ತಾನು ಕೆಲಸ ಮಾಡಿತು.

ಸುಳ್ಳು ಹೇಳುವವನಿಗೆ ದಿನ ಆರಿಸಿಕೊಳ್ಳುವ ಸ್ವಾತಂತ್ರ್ಯವಿರುತ್ತದೆ. ವರ್ಷದಲ್ಲಿ ಮುನ್ನೂರು ದಿನ ಮದುವೆ ನಡೆಯುತ್ತವೆ, ಹೆಬ್ಬಾತು ಸುಡುತ್ತಾರೆ. ಮೂಲಪತ್ರದಲ್ಲಿದ್ದ ಅಕ್ಟೋಬರನ್ನೇ ಇವನು ಉಳಿಸಿಕೊಂಡಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನೇಕೆ ಕೆಡಿಸಿ, ಹೋಗಿ ಹೋಗಿ 'ಸಂತ ಗ್ರೆಗೊರಿ' ಎಂದು ಬರೆದ? ಒಂದೇ ಕಾರಣ ಹೊಳೆಯುತ್ತದೆ. ತಾನು ಹುಟ್ಟಿದ ದಿನವನ್ನು ಬದಲಾಯಿಸಬೇಕೆಂದು ಅವನಿಗೆ ತೋಚಿರಲೇ ಇಲ್ಲ. ಆ ಪತ್ರದಲ್ಲಿ ಅದೊಂದೇ ನಿಜ.

ನನ್ನ ಪತ್ರದಲ್ಲಿ ಅಷ್ಟೂ ಇರಲಿಲ್ಲ. ಸಂತ ಲ್ಯೂಕನ ದಿನವನ್ನು ಆರಿಸಿದವನು ನಾನು. ಬರೆಯುತ್ತಿದ್ದುದು ಅದೇ ವಾರವಾಗಿತ್ತು, ಬೇರೆ ದಿನ ಹುಡುಕಲು ಬೇಸರವಾಗಿತ್ತು.

"ಮೇಷ್ಟ್ರೇ." ಐಡನಿ ಕೊನೆಗೂ ಬಾಯಿ ತೆರೆದಳು. ಬೆರಳು ಇನ್ನೂ ಪೇರುಹಣ್ಣಿನ ಮೇಲೇ ಇತ್ತು. "ನಾನು ಹುಟ್ಟಿದ ದಿನ ಗಂಟೆ ಹೊಡೆದ್ರಂತೆ. ಊರಿಗೆಲ್ಲ ಬಿಯರ್ ಹಂಚಿದ್ರಂತೆ. ಕುಡಿದು ಯಾರ್ಯಾರು ಎಲ್ಲೆಲ್ಲಿ ಬಿದ್ರು ಅಂತ ಇವತ್ತಿಗೂ ಹೇಳ್ಕೊಂಡು ನಗ್ತಾರೆ."

"ಹೌದು."

"ನಮ್ಮಪ್ಪ ಹುಟ್ಟಿದ ದಿನಾನೂ ಹಾಗೇ ಆಗಿರಬೇಕಲ್ವಾ? ವಾರಿನ್ ಅಜ್ಜ ದೊಡ್ಡ ಮನುಷ್ಯ. ಹನ್ನೆರಡು ಜನದಲ್ಲಿ ಒಬ್ಬನಿಗಾದ್ರೂ ಒಂದು ನೆನಪು ಯಾಕಿರ್ಲಿಲ್ಲ? ನೀವು ಯಾಕೆ ಬರೀಬೇಕಾಯ್ತು?"

ಮೂವತ್ತೆರಡು ವರ್ಷದಲ್ಲಿ ಆ ಪ್ರಶ್ನೆ ನನಗೆ ಹುಟ್ಟಿರಲಿಲ್ಲ. ಹಳ್ಳಿಗರು ಪೆದ್ದರು, ಅದಕ್ಕೇ ನೆನಪಿಲ್ಲ ಎಂದುಕೊಂಡಿದ್ದೆ. ನನ್ನ ತಿರಸ್ಕಾರ ನನಗೆ ಎಷ್ಟು ಅನುಕೂಲವಾಗಿತ್ತೆಂದರೆ, ಅದರ ಹಿಂದೆ ಇಣುಕಿ ನೋಡುವ ಗೋಜಿಗೇ ನಾನು ಹೋಗಿರಲಿಲ್ಲ.

ಫುಲ್ಕ್ ಕೂಡ ತಿನ್ನುವುದನ್ನು ನಿಲ್ಲಿಸಿದ್ದ. ಈ ಲೆಕ್ಕ ಅವನಿಗೂ ಹೊಸದೆಂದು ಮುಖ ಹೇಳುತ್ತಿತ್ತು.

ಅಂಗಳದ ಕಲ್ಲಿನ ಮೇಲೆ ಹೊಸ ಬೂಟುಗಳು ಕಿರುಗುಟ್ಟಿದವು. ಮುದ್ರೆ ಒತ್ತುವ ಮುಂಚೆ ಫುಲ್ಕ್ ಕೊಡಿಸುತ್ತೇನೆಂದಿದ್ದ ಬಿಯರಿಗಾಗಿ ಹನ್ನೆರಡು ಜನರೂ ಗಂಟೆಗೆ ಮುಂಚೆಯೇ ಬಂದಿದ್ದರು. ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದವನು ಸಿಮ್ಕಿನ್.

"ಸಿಮ್ಕಿನ್, ಒಳಗೆ ಬಾ," ಎಂದಳು ಐಡನಿ. "ಫುಲ್ಕ್ ವಿಷಯ ಕೇಳಲ್ಲ, ಹೆದರ್ಬೇಡ. ನಮ್ಮಪ್ಪ ಹುಟ್ಟಿದ ದಿನದ ಬಗ್ಗೆ ನಿಮ್ಮಪ್ಪ ರೇಫ್ ಯಾವತ್ತಾದ್ರೂ ಏನಾದ್ರೂ ಹೇಳಿದ್ದುಂಟಾ?"

ಸಿಮ್ಕಿನ್ ಮೂರು ಸಲ ಕೆಮ್ಮಿದ. ನಾಲ್ಕು ಸಲ ತಲೆ ಕೆರೆದ. ಇದು ಅವನ ಸ್ವಂತ ಮಾತು ಎಂದು ನನಗೆ ಆಗಲೇ ಗೊತ್ತಾಯಿತು.

"ಉಟ್ಟಿದ್ ದಿನ ಅಲ್ಲ ಅಮ್ಮಣ್ಣಿ," ಎಂದ ಬೂಟು ನೋಡುತ್ತಾ. "ವಾರಿನ್ ಬುದ್ಧಿಯೋರು ಸತ್ ಮೇಕೆ ಪೆಟ್ರೊನಿಲ್ಲಮ್ಮೋರು ನಿಮ್ಮಪ್ಪಾರ್ನ ಕರ್ಕಂಡ್ ಬಂದ ದಿನದ ವಿಸ್ಯ ಯೋಳ್ತಿದ್ದ. ಉಣ್ಣೆ ಗಾಡೀಲಿ ಮೂಟೆ ನಡುವೆ ಕುಂತಿದ್ರಂತೆ. ಆಗ್ಲೇ ಮೀಸೆ ಬಂದಿತ್ತಂತೆ."